ಅಟ್ಟದ ಮೇಲಿದ್ದ ಬಾವುಟ

ಈ ಸಲ ಮಳೆ ಹಿಡಿಯುವ ಮುಂಚೆ ಸಕಲೇಶಪುರದ ನಮ್ಮ ಹಳೇ ಮನೆಯ ಹೆಂಚು ಕೈಯಾಡಿಸಬೇಕಿತ್ತು. ಅಟ್ಟ ಖಾಲಿ ಮಾಡುವಾಗ ತಾತನ ಕಬ್ಬಿಣದ ಟ್ರಂಕು ಸಿಕ್ಕಿತು. ಒಳಗೆ ಎರಡು ಖಾದಿ ಜುಬ್ಬ, ಒಂದು ಟೋಪಿ, ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದ ಒಂದು ಬಾವುಟ. ಮೂರು ಬಟ್ಟೆ ಸೇರಿಸಿ ಕೈಯಲ್ಲೇ ಹೊಲಿದದ್ದು. ಕೇಸರಿ ಮಾಸಿ ಒಣಗಿದ ಕಿತ್ತಳೆ ಸಿಪ್ಪೆ ಥರ ಆಗಿದೆ. ಬಿಳಿ ಪಟ್ಟಿಯ ನಡುವೆ ನೀಲಿ ದಾರದಲ್ಲಿ ಕಸೂತಿ ಮಾಡಿದ ಚರಕ. ಮೂಲೆಯಲ್ಲಿ ಪಿನ್ನು ಚುಚ್ಚಿದ್ದ ಜಾಗದಲ್ಲಿ ತುಕ್ಕಿನ ಕಲೆ. ಮಡಿಕೆ ಬಿದ್ದ ಗೆರೆಯ ಉದ್ದಕ್ಕೂ ಬಟ್ಟೆ ಬಿಟ್ಟುಕೊಂಡಿದೆ, ಬೆಳಕಿಗೆ ಹಿಡಿದರೆ ಆ ಕಡೆಯ ಗೋಡೆ ಕಾಣುತ್ತದೆ.

ಮಗಳು ಕೇಳಿದಳು, "ಅಪ್ಪ, ಇದು ನಮ್ಮ ದೇಶದ ಬಾವುಟ ಅಲ್ವಾ? ಚಕ್ರ ಯಾಕಿಲ್ಲ?"

ಅವಳಿಗೆ ಇದನ್ನು ಹೇಳೋದಕ್ಕೆ ಅರ್ಧ ಗಂಟೆ ಬೇಕಾಯಿತು. ಸಂವಿಧಾನ ಸಭೆ ಅಶೋಕ ಚಕ್ರದ ಬಾವುಟವನ್ನು ಒಪ್ಪಿದ್ದು 1947ರ ಜುಲೈ 22ರಂದು. ಅದಕ್ಕೆ ಮೊದಲು ಚಳವಳಿಯವರು ಹಿಡಿಯುತ್ತಿದ್ದದ್ದು ಚರಕದ ಬಾವುಟ. ಆದರೆ ತಾತನ ಮಗಳು, ನನ್ನ ಸೋದರತ್ತೆ, ಹೇಳುವ ಪ್ರಕಾರ ತಾತ ಇದನ್ನು ಹಿಡಿದು ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ಅಂದರೆ ಸ್ವಾತಂತ್ರ್ಯ ಬಂದ ಮೇಲೆ! ಇಲ್ಲೇ ನಮ್ಮ ಕಡೆಯ ಕಥೆ ಬೇರೆಯಾಗೋದು. ಹಾಸನ, ಚಿಕ್ಕಮಗಳೂರು ಆಗ ಮೈಸೂರು ಸಂಸ್ಥಾನದಲ್ಲಿದ್ದವು. ಮಹಾರಾಜರು ಆಗಸ್ಟ್‌ನಲ್ಲೇ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು, ಆದರೆ ಆಡಳಿತ ಮಾತ್ರ ಜನರ ಕೈಗೆ ಬಂದಿರಲಿಲ್ಲ, ದಿವಾನರ ಕೈಯಲ್ಲೇ ಇತ್ತು. ಜವಾಬ್ದಾರಿ ಸರ್ಕಾರ ಬೇಕು ಅಂತ 'ಮೈಸೂರು ಚಲೋ' ಶುರುವಾಯಿತು. ಸಾವಿರಾರು ಜನ ಜೈಲಿಗೆ ಹೋದರು. ಮೈಸೂರಿನ ರಾಮಸ್ವಾಮಿ ವೃತ್ತಕ್ಕೆ ಆ ಹೆಸರು ಬಂದದ್ದು ಆಗ ಗುಂಡಿಗೆ ಬಲಿಯಾದ ಒಬ್ಬ ಹುಡುಗನಿಂದ. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ನಮ್ಮ ಮನೆಯ ಮಟ್ಟಿಗೆ ಸ್ವಾತಂತ್ರ್ಯ ಅಂದರೆ ಆ ಅಕ್ಟೋಬರ್, ತಾತ ಜೈಲಿಂದ ಮನೆಗೆ ಬಂದ ದಿನ.

ಇದು ಯಾವ ಮ್ಯೂಸಿಯಂನಲ್ಲಿ ಕಾಣಬೇಕು? ಆವತ್ತಿಂದ ಇದೇ ತಲೆಯಲ್ಲಿ ಓಡುತ್ತಿದೆ.

ಎರಡು ವರ್ಷದ ಹಿಂದೆ ಚೆನ್ನೈಗೆ ಹೋದಾಗ ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಂ ನೋಡಿದ್ದೆ. 1947ರ ಆಗಸ್ಟ್ 15ರ ಬೆಳಗ್ಗೆ ಆ ಕೋಟೆಯ ಮೇಲೆ ಹಾರಿಸಿದ ಬಾವುಟ ಅಲ್ಲಿದೆ. ರೇಷ್ಮೆಯದು, 12 ಅಡಿ ಉದ್ದ, 8 ಅಡಿ ಅಗಲ. ಗಾಳಿಯಾಡದ ಗಾಜಿನ ಪೆಟ್ಟಿಗೆ, ತೇವ ಹೀರಿಕೊಳ್ಳೋದಕ್ಕೆ ಸಿಲಿಕಾ ಜೆಲ್, ಮಂದ ಬೆಳಕು. ಜೋರಾಗಿ ಮಾತಾಡುತ್ತಿದ್ದ ಸ್ಕೂಲ್ ಮಕ್ಕಳು ಅದರ ಮುಂದೆ ಬಂದು ಸುಮ್ಮನಾದರು. ಯಾರೂ ಸುಮ್ನಿರಿ ಅಂತ ಹೇಳಿರಲಿಲ್ಲ.

ನನಗೆ ಇನ್ನೂ ಜಾಸ್ತಿ ಹತ್ತಿರವಾಗೋದು ಅಮೃತಸರದ ವಿಭಜನೆಯ ಮ್ಯೂಸಿಯಂ. 2017ರಲ್ಲಿ ಹಳೇ ಟೌನ್ ಹಾಲ್‌ನಲ್ಲಿ ಶುರುವಾದದ್ದು. ಅಲ್ಲಿರುವುದರಲ್ಲಿ ಎಷ್ಟೋ ಸಾಮಾನು ಮಾಮೂಲಿ ಮನೆಗಳಿಂದ ಬಂದವು. ಒಂದು ಫುಲ್ಕಾರಿ ಕಸೂತಿಯ ಕೋಟು, ಒಂದು ಚರ್ಮದ ಬ್ರೀಫ್‌ಕೇಸ್. ಕೋಟು ಒಬ್ಬ ಹುಡುಗಿಯದು, ಬ್ರೀಫ್‌ಕೇಸ್ ಒಬ್ಬ ಹುಡುಗನದು. ಇಬ್ಬರಿಗೂ ಮದುವೆ ಗೊತ್ತಾಗಿತ್ತು, ಗಲಾಟೆಯಲ್ಲಿ ಬೇರೆ ಬೇರೆಯಾಗಿ ಓಡಿ ಬಂದರು, ಅಮೃತಸರದ ನಿರಾಶ್ರಿತರ ಶಿಬಿರದಲ್ಲಿ ಊಟದ ಸಾಲಿನಲ್ಲಿ ಮತ್ತೆ ಸಿಕ್ಕರು. ದೇಶ ಹುಟ್ಟಿದ ಹೊತ್ತಿನಲ್ಲಿ ಜನ ಏನನ್ನು ಎದೆಗವಚಿಕೊಂಡು ಓಡಿದರು ಅನ್ನೋದು ಇಂಥ ಸಾಮಾನಿನಿಂದಲೇ ಗೊತ್ತಾಗೋದು. ಭಾಷಣದಿಂದ ಗೊತ್ತಾಗಲ್ಲ.

ನಮ್ಮ ಜಿಲ್ಲೆಯಲ್ಲಿ ಮ್ಯೂಸಿಯಂ ಅಂದ ಕೂಡಲೇ ಎಲ್ಲರಿಗೂ ಹಳೇಬೀಡು ನೆನಪಾಗುತ್ತೆ, ದೇವಸ್ಥಾನದ ಪಕ್ಕದ್ದು. ಹೊಯ್ಸಳರೂ ತಮ್ಮ ರಾಜ್ಯ ಹುಟ್ಟಿದ ಕಥೆಯನ್ನು ಇಟ್ಟು ಹೋಗಿದ್ದಾರೆ. ಬೇಲೂರಿಗೆ ಹೋದವರೆಲ್ಲ ಹುಲಿಯ ಮೇಲೆ ಕೈ ಎತ್ತಿದ ಸಳನನ್ನು ನೋಡಿಯೇ ಇರುತ್ತಾರೆ. ಆ ಕಥೆ ನಡೆದದ್ದು ಮೂಡಿಗೆರೆ ತಾಲೂಕಿನ ಅಂಗಡಿಯಲ್ಲಿ ಅಂತಾರೆ. ಕಲ್ಲಾದ್ದರಿಂದ ಒಂಬೈನೂರು ವರ್ಷದ ಮಳೆಗೂ ಜಗ್ಗದೆ ನಿಂತಿದೆ. ನಮ್ಮ ಗಣರಾಜ್ಯ ಹುಟ್ಟಿದ್ದು ಮಾತ್ರ ಬಟ್ಟೆ, ಕಾಗದ, ಶಾಯಿಯಲ್ಲಿ. ಸಂವಿಧಾನದ ಮೂಲ ಪ್ರತಿಯನ್ನು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಕೈಯಲ್ಲೇ ಬರೆದರು, ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದವರು ಚಿತ್ರ ಬಿಡಿಸಿದರು, 1950ರ ಜನವರಿ 24ರಂದು ಸದಸ್ಯರು ಸಹಿ ಹಾಕಿದರು. ಅದನ್ನು ಗಾಳಿ ತಾಗದ ಪೆಟ್ಟಿಗೆಯಲ್ಲಿ ಇಟ್ಟು ಕಾಪಾಡುತ್ತಿದ್ದಾರೆ. ದೆಹಲಿಯಲ್ಲೇ ಅಷ್ಟು ಜೋಪಾನ ಬೇಕಿದ್ದರೆ ಮಲೆನಾಡಿನ ಶೀತದಲ್ಲಿ, ಬೂಷ್ಟು ಹಿಡಿಯುವ ಅಟ್ಟದಲ್ಲಿ ಇರುವ ಬಾವುಟದ ಗತಿ ಏನು? ನಮ್ಮ ಟ್ರಂಕು ಒಂದೇ ಅಲ್ಲ, ಈ ಎರಡು ಜಿಲ್ಲೆಯ ಎಷ್ಟು ಮನೆಗಳಲ್ಲಿ ಜೈಲಿನ ಕಾಗದ, ಟೋಪಿ, ಪ್ರಭಾತ್ ಫೇರಿಯ (ಬೆಳಗಿನ ಜಾವದ ಮೆರವಣಿಗೆಯ) ಹಾಡು ಬರೆದುಕೊಂಡ ನೋಟ್‌ಬುಕ್ಕು ಹೀಗೇ ಇರಬಹುದು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಹೆಂಚು ಬದಲಾಯಿಸುವಾಗ, ಮನೆ ಪಾಲಾಗುವಾಗ, ಹಳೇ ಬಟ್ಟೆ ಅಂತ ಒಲೆಗೆ ಹೋಗಿಬಿಡುತ್ತವೆ.

ಮ್ಯೂಸಿಯಂ ಕೆಲಸ ಗೊತ್ತಿರುವ ಗೆಳತಿಗೆ ಫೋಟೋ ಕಳಿಸಿದೆ. ಅವಳು ಮೊದಲು ಹೇಳಿದ್ದು, ತೊಳೀಬೇಡ, ಇಸ್ತ್ರಿ ಮಾಡಬೇಡ. ಮಡಿಸಲೂಬೇಡ, ಮಡಿಸಿದ ಗೆರೆಯಲ್ಲೇ ನೂಲು ತುಂಡಾಗೋದು. ದಪ್ಪ ಕೊಳವೆಗೆ ತೆಳು ಬಿಳಿ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಬಾವುಟ ಸುತ್ತಿಡು. ಬಿಸಿಲಿಗೆ ಹಾಕಬೇಡ, ಹೋದ ಬಣ್ಣ ವಾಪಸ್ ಬರಲ್ಲ. ಜೊತೆಗೆ ಒಂದು ಚೀಟಿ ಇಡು, ಯಾರದು, ಯಾವಾಗಿನದು, ಎಲ್ಲಿ ಸಿಕ್ಕಿತು, ಯಾರು ಹೇಳಿದ್ದು, ಎಲ್ಲ ಬರಿ. ಚೀಟಿ ಇಲ್ಲದಿದ್ದರೆ ಅದು ಮ್ಯೂಸಿಯಂಗೆ ಹೋದರೂ ಬರೀ ಹಳೇ ಬಟ್ಟೆ.

ಹಾಗಾಗಿ ಮೊನ್ನೆ ಭಾನುವಾರ ಅತ್ತೆಯನ್ನು ಕೂರಿಸಿಕೊಂಡು ಬರೆಯತೊಡಗಿದೆ. ಅತ್ತೆಗೆ ಈಗ ಎಂಬತ್ತೈದು. ತಾತನ ಹೆಸರು, ಊರು, 1947, ಮೈಸೂರು ಚಲೋ ಅಂತ ಬರೆದು ಓದಿ ಹೇಳಿದೆ. ಅತ್ತೆ ಬಾವುಟದ ಅಂಚಿನ ಹೊಲಿಗೆ ಮೇಲೆ ಬೆರಳಾಡಿಸುತ್ತಾ ಕೂತಿದ್ದರು.

"ಅಪ್ಪ ಹಿಡ್ಕೊಂಡು ಹೋಗಿದ್ದು ಸರಿ ಕಣೋ. ಹೊಲಿದೋರು ಯಾರು? ರಾತ್ರಿ ಬುಡ್ಡಿ ದೀಪ ಇಟ್ಕೊಂಡು ನಮ್ಮವ್ವ ಹೊಲೀತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದಂಗಿದೆ. ಅವಳ ಹೆಸರು ಮೊದಲು ಬರಿ."

ಹೊಸ ಚೀಟಿ ತಗೊಂಡು ಅಜ್ಜಿಯ ಹೆಸರು ಮೊದಲು ಬರೆದೆ.