ಮೊದಲು ಡಿಜೆ, ಆಮೇಲೆ ಪ್ಯಾಂಟೋ

ಮಂಜೇಶ್ವರ, ಕುಂಬಳೆ, ಕಾಸರಗೋಡು, ಕಾಞಂಗಾಡ್ ಕಡೆಯ ರೈಲು ಲೈನಿಗೆ ಹೊಸದಾಗಿ ಕೆಲಸಕ್ಕೆ ಬರುವವರಿಗೆ ಹೆದರಿಕೆಯೆಲ್ಲ ಹಳಿಯ ಮೇಲಿನ ತಂತಿಯ 25 ಕಿಲೋವೋಲ್ಟಿನ ಮೇಲೆ. ಅಷ್ಟು ವೋಲ್ಟೇಜ್ ಇರುವುದರಿಂದಲೇ ಡಬ್ಲ್ಯುಎಪಿ-7ನಂಥ ದೊಡ್ಡ ಇಂಜಿನ್ನಿಗೂ ಸುಮಾರು 200 ಆಂಪಿಯರ್ ಸಾಕಾಗುತ್ತದೆ. ಕಷ್ಟ ಬೇರೆ ಕಡೆ ಇದೆ: ಗಂಟೆಗೆ 100 ಕಿ.ಮೀ. ಓಡುತ್ತಿರುವಾಗ ತಂತಿಯೂ ಪ್ಯಾಂಟೋದ (ಇಂಜಿನ್ನಿನ ತಲೆಯ ಮೇಲೆ ತಂತಿಯಿಂದ ಕರೆಂಟು ತೆಗೆದುಕೊಳ್ಳುವ ಪ್ಯಾಂಟೋಗ್ರಾಫ್) ಕಾರ್ಬನ್ ಪಟ್ಟಿಯೂ ಒಂದನ್ನೊಂದು ಬಿಡಬಾರದು.

ಪ್ಯಾಂಟೋ ತಂತಿಯನ್ನು ಒತ್ತುವುದು ಸುಮಾರು 7 ಕೆಜಿ ಬಲದಲ್ಲಿ. ಕಡಿಮೆಯಾದರೆ ಕಿಡಿ, ಹೆಚ್ಚಾದರೆ ತಂತಿಯೂ ಪಟ್ಟಿಯೂ ಬೇಗ ಸವೆಯುತ್ತವೆ. ಪ್ಯಾಂಟೋ ತಾಗುವ ಈ ತಂತಿ, ಅಂದರೆ ಕಾಂಟ್ಯಾಕ್ಟ್ ವಯರ್, 107 ಚದರ ಮಿ.ಮೀ. ತಾಮ್ರದ್ದು. ಹೊಸದರಲ್ಲಿ 12.24 ಮಿ.ಮೀ. ದಪ್ಪ, ಸವೆದು 8.25ಕ್ಕೆ ಇಳಿದರೆ ಬದಲಿಸಲೇಬೇಕು. ಹಳಿ ನೇರ ಇದ್ದ ಕಡೆಯೂ ಕಂಬದಿಂದ ಕಂಬಕ್ಕೆ ತಂತಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ 200 ಮಿ.ಮೀ. ಸರಿಸಿ ಕಟ್ಟಿರುತ್ತಾರೆ. ಇದು ಸ್ಟ್ಯಾಗರ್. ಇದಿಲ್ಲದಿದ್ದರೆ ಪಟ್ಟಿಯ ಒಂದೇ ಜಾಗ ಸವೆದು ಗೀರು ಬೀಳುತ್ತದೆ, ತಂತಿ ಅದರಲ್ಲಿ ಸಿಕ್ಕಿಕೊಂಡು ಪಟ್ಟಿಯನ್ನೇ ಕೀಳುತ್ತದೆ.

ನಮ್ಮ ಕರಾವಳಿಯಲ್ಲಿ ನಾನು ಹೆಚ್ಚು ಒತ್ತು ಕೊಡುವುದು ತಂತಿಯ ಟೆನ್ಷನ್ನಿಗೆ, ಅಂದರೆ ಎಳೆತಕ್ಕೆ. ಕಾಂಟ್ಯಾಕ್ಟ್ ವಯರನ್ನು ಮೇಲಿನಿಂದ ತೂಗಿ ಹಿಡಿಯುವ ಕ್ಯಾಟಿನರಿ ತಂತಿಗೆ 1000 ಕೆಜಿ, ಕಾಂಟ್ಯಾಕ್ಟ್ ವಯರಿಗೆ 1000 ಕೆಜಿ ಎಳೆತ ಸದಾ ಇರಬೇಕು. ಬಿಸಿಲಿಗೆ ತಂತಿ ಉದ್ದವಾದಾಗ ಕೊನೆಯ ಕಂಬದ ತೂಕದ ಬಿಲ್ಲೆಗಳು ಕೆಳಗಿಳಿದು ಆ ಎಳೆತವನ್ನು ಕಾಯುತ್ತವೆ. ಉಪ್ಪುಗಾಳಿಗೆ ರಾಟೆ ತುಕ್ಕು ಹಿಡಿದು ಬಿಗಿಯಾದರೆ ಬಿಲ್ಲೆ ಇಳಿಯುವುದಿಲ್ಲ, ತಂತಿ ಜೋಲುತ್ತದೆ. ಆದ್ದರಿಂದ ಬಿಲ್ಲೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದು, ಅಂದಿನ ಉಷ್ಣಾಂಶಕ್ಕೆ ಎಷ್ಟಿರಬೇಕೆಂಬ ಕೋಷ್ಟಕಕ್ಕೆ ಹೋಲಿಸಿ ನೋಡಿ. ಕಣ್ಣಂದಾಜು ನಂಬಬೇಡಿ. ಇನ್ಸುಲೇಟರಿನ ಮೇಲೆ ಬೇಸಿಗೆಯಿಡೀ ಕೂತ ಉಪ್ಪುಧೂಳು ಮೊದಲ ತುಂತುರು ಮಳೆಗೆ ಒದ್ದೆಯಾಗಿ ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಜೋರು ಮಳೆ ಅದನ್ನು ತೊಳೆದುಬಿಡುತ್ತದೆ, ಅಪಾಯ ತುಂತುರಿನದ್ದೇ. ಒರೆಸುವ ಕೆಲಸ ಮಳೆಗಾಲಕ್ಕೆ ಮೊದಲೇ ಮುಗಿಯಬೇಕು.

ಲೋಕೋ ಪೈಲಟ್‌ಗಳಿಗೆ: ತಂತಿಯ ಮೇಲೆ ತೆಂಗಿನ ಮಡಲು ನೇತಾಡುತ್ತಿದ್ದರೆ, ತಂತಿ ಅಸಹಜವಾಗಿ ಓಲಾಡಿದರೆ ಮೊದಲು ಡಿಜೆ (ಇಂಜಿನ್ನಿನ ಮುಖ್ಯ ಸರ್ಕ್ಯೂಟ್ ಬ್ರೇಕರ್) ತೆರೆದು ಕರೆಂಟು ಕಡಿಯಿರಿ, ಆಮೇಲೆ ಪ್ಯಾಂಟೋ ಇಳಿಸಿ, ಗಾಡಿ ನಿಲ್ಲಿಸಿ. ಲೋಡ್ ಇರುವಾಗಲೇ ಪ್ಯಾಂಟೋ ಕೆಳಗೆಳೆದರೆ ಹೊತ್ತುವ ಆರ್ಕ್ ತಾಮ್ರವನ್ನು ಮೆದುವಾಗಿಸುತ್ತದೆ. ಆ ಜಾಗ ಅಂದೇ ತುಂಡಾಗಬೇಕೆಂದಿಲ್ಲ, ಮುಂದೊಂದು ದಿನ ಬೇರೆ ಗಾಡಿಯಡಿ ಹರಿಯಬಹುದು. ತಂತಿಯಲ್ಲಿ ಕರೆಂಟಿಲ್ಲದ ತುಂಡಾದ ನ್ಯೂಟ್ರಲ್ ಸೆಕ್ಷನ್ನಿನಲ್ಲೂ ಡಿಜೆ ತೆರೆಯುವುದು ಇದೇ ಆರ್ಕ್ ತಪ್ಪಿಸಲು. ಅದರ ಎರಡೂ ಬದಿಗೆ ಬೇರೆಬೇರೆ ಫೇಸ್ ಇರುವುದರಿಂದ 500 ಮತ್ತು 250 ಮೀಟರ್ ಬೋರ್ಡ್ ಕಂಡಾಗಲೇ ಸಿದ್ಧರಾಗಿ ಡಿಜೆ ತೆರೆದು ದಾಟಬೇಕು. ಅಲ್ಲಿ ಪ್ಯಾಂಟೋ ಇಳಿಸುವ ಅಗತ್ಯ ಇಲ್ಲ.

ಹಳಿ ಬದಿಯಲ್ಲಿ ತೋಟ ಇರುವವರಿಗೂ ಒಂದು ಮಾತು. ಅಡಿಕೆ ಕೊಯ್ಯಲು ಈಗ ಎಲ್ಲರೂ ಕಾರ್ಬನ್ ಫೈಬರ್ ದೋಟಿ ತರುತ್ತಾರೆ, ಅಲ್ಯೂಮಿನಿಯಂ ಅಲ್ಲವಲ್ಲ ಎಂಬ ಧೈರ್ಯದಲ್ಲಿ. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ಇಂಜಿನ್ನಿನ ತಲೆಯ ಮೇಲೆ ತಂತಿಯಿಂದ ಕರೆಂಟು ತೆಗೆದುಕೊಳ್ಳುವುದೂ ಕಾರ್ಬನ್ ಪಟ್ಟಿಯೇ. ತಂತಿಗೆ ತಾಗಬೇಕೆಂದೂ ಇಲ್ಲ, ಹತ್ತಿರ ಹೋದರೂ ಹಾರಿ ಬರುತ್ತದೆ. 2 ಮೀಟರಿನೊಳಗೆ ಏನೂ ಹೋಗಬಾರದು ಎಂಬುದು ನಿಯಮ. ದೋಟಿ ಕೈತಪ್ಪಿ ವಾಲಿದರೆ ಎಲ್ಲಿಗೆ ಬೀಳುತ್ತದೆ ಎಂದು ಲೆಕ್ಕ ಹಾಕಿಯೇ ನಿಲ್ಲಿ. ತಂತಿಯತ್ತ ಬಾಗಿದ ಮರವನ್ನು ನೀವೇ ಕಡಿಯಬೇಡಿ. ಹತ್ತಿರದ ಸ್ಟೇಷನ್ನಿಗೆ ಹೇಳಿದರೆ ಪವರ್ ಬ್ಲಾಕ್ ತೆಗೆದುಕೊಂಡು, ಅಂದರೆ ತಂತಿಯ ಕರೆಂಟು ನಿಲ್ಲಿಸಿ, ಕಡಿಸುತ್ತಾರೆ.