ದಾಸವಾಳದ ಗಿಡದಲ್ಲಿ ಪಾಂಡವರ ಆಯುಧ

ನಮ್ಮ ಮಾವನವರಿಗೆ ಮೊಮ್ಮಕ್ಕಳಿಗೆ ಕಥೆ ಹೇಳುವಾಗ ಅವಸರ ಅನ್ನುವುದೇ ಇಲ್ಲ. ರಾಮಾಯಣಕ್ಕೆ ಇಡೀ ಮಳೆಗಾಲ ಹಿಡಿಯಿತು. ಮಹಾಭಾರತ ದಸರಾ ಹೊತ್ತಿಗೆ ವಿರಾಟಪರ್ವಕ್ಕೆ ಬಂದು ನಿಂತಿತ್ತು. ಪಾಂಡವರು ವೇಷ ಮರೆಸಿಕೊಂಡು ವಿರಾಟರಾಯನ ಊರು ಸೇರುವ ಮೊದಲು ಆಯುಧಗಳನ್ನೆಲ್ಲ ಗಂಟು ಕಟ್ಟಿ ಬನ್ನಿಮರದಲ್ಲಿ ಬಚ್ಚಿಟ್ಟದ್ದು, ಯಾರೂ ಹತ್ತಿರ ಸುಳಿಯದಿರಲಿ ಅಂತ ಜೊತೆಗೊಂದು ಹೆಣ ಕಟ್ಟಿದ್ದು, ಒಂದು ವರ್ಷದೊಳಗೆ ಗುರುತು ಸಿಕ್ಕಿದರೆ ಮತ್ತೆ 12 ವರ್ಷ ಕಾಡು ಅನ್ನುವ ಷರತ್ತು. ಇಷ್ಟನ್ನು ರಾತ್ರಿ ಊಟದ ಮೇಲೆ ಹೇಳಿ, ‘ಮಿಕ್ಕಿದ್ದು ನಾಳೆಗೆ’ ಅಂದು ಮಾವ ಮಲಗಿಬಿಟ್ಟರು.

ಪುಟ್ಟಿಗೆ 5 ವರ್ಷ, ಗುಂಡನಿಗೆ 3. ಅರ್ಧ ಕಥೆ ಕೇಳಿ ಸುಮ್ಮನೆ ಮಲಗುವ ಜಾತಿಯಲ್ಲ ಇಬ್ಬರೂ. ಮಾರನೇ ದಿನ ಎದ್ದಾಗಲೇ ಪಾತ್ರ ಹಂಚಿಕೆ ಮುಗಿದಿತ್ತು. ಪುಟ್ಟಿ ಅರ್ಜುನ. ಗುಂಡ ಭೀಮ. ಭೀಮ ವಿರಾಟನ ಮನೆಯಲ್ಲಿ ವಲಲನೆಂಬ ಹೆಸರಿನಲ್ಲಿ ಅಡುಗೆಭಟ್ಟನಾಗಿದ್ದನಲ್ಲ, ಹಾಗಾಗಿ ಗುಂಡನಿಗೆ ಅಡುಗೆಮನೆ ಬಿಟ್ಟು ಕದಲಬಾರದು ಅಂತ ಅಕ್ಕನ ಅಪ್ಪಣೆ. ಅವನಿಗೆ ಅದಕ್ಕಿಂತ ಸುಖ ಇನ್ನೇನು ಬೇಕು? ಅತ್ತೆ ಸಂಜೆ ದಸರಾ ಗೊಂಬೆ ನೋಡಲು ಬರುವ ಮಕ್ಕಳಿಗೆ ಹಂಚುವ ಚರುಪಿಗೆ ಅಂತ ಕಡಲೆಕಾಳು ಉಸಲಿ ಮಾಡುತ್ತಿದ್ದರೆ, ಒಲೆಯ ಕಟ್ಟೆಯ ಕೆಳಗೆ ಸ್ಟೂಲ್ ಹಾಕಿಕೊಂಡು ಕೂತು ‘ವಲಲಂಗೆ ಕೊಡಿ, ವಲಲಂಗೆ ಕೊಡಿ’ ಅಂತ ಅಂಗೈ ಒಡ್ಡುತ್ತಿದ್ದ. ಕೊಟ್ಟಷ್ಟೂ ಖಾಲಿ. ಅಲ್ಲಿ ಸಿಗದಿದ್ದಾಗ ನಡುಮನೆಗೆ ಬಂದು ಗೊಂಬೆ ಮೆಟ್ಟಿಲಲ್ಲಿ ಅಂಗಡಿ ಹರಡಿಕೊಂಡು ಕೂತ ಶೆಟ್ಟಿ ಶೆಟ್ಟಮ್ಮನ ಎದುರಿನ ಪುಟಾಣಿ ತಟ್ಟೆಗಳಿಂದ ಹುರಿಗಡಲೆ, ಬೆಲ್ಲದ ಚೂರು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕದ್ದು ತಿನ್ನುತ್ತಿರಲಿಲ್ಲ, ಪಾಪ. ಪ್ರತಿ ಸಲವೂ ಒಂದು ಎಲೆಯನ್ನೋ ಹೂವಿನ ಎಸಳನ್ನೋ ಶೆಟ್ಟಿಯ ಮುಂದಿಟ್ಟು, ‘ಚಿಲ್ರೆ ಇಟ್ಕೊಳಿ’ ಅಂದು ಹೋಗುತ್ತಿದ್ದ.

ಆಯುಧಪೂಜೆಯ ಬೆಳಿಗ್ಗೆ. ಮೈಸೂರಿನಲ್ಲಿ ಅವತ್ತು ಬೀದಿಯಿಡೀ ನೀರು ಹರಿಯುತ್ತಿರುತ್ತದೆ. ಸೈಕಲ್ಲು, ಸ್ಕೂಟರು, ಆಟೋ, ಕಾರು ಎಲ್ಲಕ್ಕೂ ಸ್ನಾನ. ಬಾಳೆಕಂದು, ಚೆಂಡುಹೂವಿನ ಹಾರ, ಬೂದುಗುಂಬಳಕಾಯಿ ಮಾರುವವರ ಗಾಡಿಗಳು ಪ್ರತಿ ತಿರುವಿನಲ್ಲೂ ನಿಂತಿರುತ್ತವೆ. ಅರಮನೆಯಲ್ಲೂ ಅವತ್ತು ಆಯುಧಗಳನ್ನು ಕೋಡಿ ಸೋಮೇಶ್ವರ ದೇವಸ್ಥಾನಕ್ಕೆ ಒಯ್ದು, ಶುದ್ಧಿ ಮಾಡಿ ತಂದು ಪೂಜಿಸುತ್ತಾರೆ. ನಮ್ಮನೆಯಲ್ಲಿ ಇವರು, ಮಕ್ಕಳ ಅಪ್ಪ, ಬಕೆಟ್, ಬಟ್ಟೆ, ಶಾಂಪೂ ಎಲ್ಲ ಜೋಡಿಸಿಕೊಂಡು ಅಂಗಳಕ್ಕೆ ಇಳಿದವರು ಎರಡೇ ನಿಮಿಷದಲ್ಲಿ ಒಳಗೆ ಬಂದು, ‘ಕಾರ್ ಕೀ ಯಾರು ತಗೊಂಡ್ರಿ?’ ಅಂದರು.

ಯಾರೂ ತಗೊಂಡಿರಲಿಲ್ಲ. ಅಷ್ಟರಲ್ಲಿ ಮಾವ ಕೋಣೆಯಿಂದ, ‘ನನ್ನ ಕನ್ನಡಕ ಎಲ್ಲಮ್ಮ?’ ಅಂತ ಕೂಗಿದರು. ಅಡುಗೆಮನೆಯಿಂದ ಅತ್ತೆ, ‘ಸಾರಿನ ಸೌಟು ಕಾಣ್ತಿಲ್ವಲ್ಲ!’ ನಾನು ಹೊಲಿಗೆ ಡಬ್ಬಿ ತೆಗೆದು ನೋಡಿದರೆ ಕತ್ತರಿಯೂ ಇಲ್ಲ, ಅಳತೆ ಟೇಪೂ ಇಲ್ಲ. ಮನೆಗೆ ಕಳ್ಳ ನುಗ್ಗಿದ್ದರೆ ಕಿವಿಯ ಓಲೆ ಬಿಟ್ಟು ಸೌಟು ಒಯ್ಯುತ್ತಿರಲಿಲ್ಲ. ಎಲ್ಲರೂ ಪುಟ್ಟಿಯ ಕಡೆ ತಿರುಗಿದೆವು. ಅವಳು ಗೊಂಬೆ ಮೆಟ್ಟಿಲ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಚನ್ನಪಟ್ಟಣದ ಮರದ ಕುದುರೆಗೆ ಬೂದು ಬಣ್ಣದ ಉಣ್ಣೆ ದಾರ ಸುತ್ತುತ್ತಿದ್ದಳು.

‘ಪುಟ್ಟಿ, ಅಪ್ಪನ ಕಾರ್ ಕೀ ನೋಡಿದ್ಯಾ?’

‘ನೋಡಿದೀನಿ.’

‘ಎಲ್ಲಿದೆ?’

‘ಹೇಳಂಗಿಲ್ಲ.’

‘ಯಾಕಮ್ಮ?’

‘ಹೇಳಿದ್ರೆ ಮತ್ತೆ ಹನ್ನೆರಡು ವರ್ಷ ಕಾಡಿಗೆ ಹೋಗ್ಬೇಕು.’

ಒಂದು ಸುಳ್ಳು ಮಾತಿಲ್ಲ, ಒಂದು ಅಳುಕಿಲ್ಲ. ನೋಡಿಲ್ಲ ಅಂದುಬಿಡಬಹುದಿತ್ತು, ಅನ್ನಲಿಲ್ಲ. ಹಿಂದಿನ ದಿನ ಅವಳು ತಾತನನ್ನು ‘ಆಯುಧ ಅಂದ್ರೆ ಏನು, ಕತ್ತಿನಾ?’ ಅಂತ ಕೇಳಿದ್ದಳಂತೆ. ‘ಕತ್ತಿ ಒಂದೇ ಅಲ್ಲ ಕಂದ, ಯಾವುದಿಲ್ಲದೆ ನಮ್ಮ ಕೆಲಸ ನಡೆಯೋದಿಲ್ವೋ ಅದೇ ನಮ್ಮ ಆಯುಧ’ ಅಂದಿದ್ದರಂತೆ ಮಾವ. ಅಲ್ಲಿಗೆ ಲೆಕ್ಕ ಸರಿಹೋಯಿತು. ಯಾರ ಕೆಲಸ ಯಾವುದರಿಂದ ನಡೆಯುತ್ತದೆ ಅಂತ ಮನೆಯವರನ್ನೆಲ್ಲ ಗಮನಿಸಿ, ಒಬ್ಬೊಬ್ಬರದ್ದನ್ನೂ ಸರಿಯಾಗಿ ಆರಿಸಿ ಎತ್ತಿದ್ದಳು. ಎಲ್ಲೂ ತಪ್ಪಿರಲಿಲ್ಲ. ನನಗಂತೂ ಹೆಮ್ಮೆಯೇ ಆಯಿತು.

ಇವರು ಅವಳ ಪಕ್ಕದಲ್ಲಿ ಕೂತು ನಯವಾಗಿ ಕೇಳಿದರು. ‘ಎಷ್ಟು ದಿನ ಹೇಳಲ್ಲ ಮಗಳೇ?’

‘ಒಂದು ವರ್ಷ. ಮುಂದಿನ ದಸರಾಗೆ ಕೊಡ್ತೀನಿ.’

‘ನಾಳೆ ಜಂಬೂ ಸವಾರಿ ನೋಡಕ್ಕೆ ಹೋಗ್ಬೇಕಲ್ಲ, ಕಾರು ಬೇಡ್ವಾ?’

‘ನಡ್ಕೊಂಡು ಹೋಗೋಣ. ಪಾಂಡವರೂ ನಡ್ಕೊಂಡೇ ಹೋದ್ರು.’

ನಿಜ ಹೇಳಬೇಕೆಂದರೆ ಜಂಬೂ ಸವಾರಿಯ ದಿನ ಅರಮನೆಯ ಸುತ್ತಮುತ್ತ ಕಾರು ಬಿಡುವುದೂ ಇಲ್ಲ. ಅವಳ ಮಾತೇ ಸರಿ. ಇವರು ಮುಂದೆ ಏನು ಕೇಳಬೇಕೆಂದು ತೋಚದೆ ನನ್ನ ಮುಖ ನೋಡಿದರು. ನಾನು ಸೆರಗು ಬಾಯಿಗೊತ್ತಿಕೊಂಡು ಹಿತ್ತಲಿಗೆ ಓಡಿದೆ. ಮಕ್ಕಳೆದುರು ನಗಬಾರದು ಅನ್ನುವುದು ಅತ್ತೆ ನನಗೆ ಕಲಿಸಿದ ಮಾತು. ನಮಗೆ ತಮಾಷೆಯಾಗಿ ಕಾಣುವುದು ಅವರಿಗೆ ತಮಾಷೆಯಾಗಿರುವುದಿಲ್ಲ. ಕೊಟ್ಟ ಮಾತು, ಕಾಪಾಡಬೇಕಾದ ಗುಟ್ಟು, ಐದು ಜನ ಅಣ್ಣತಮ್ಮಂದಿರ ಭವಿಷ್ಯ ಎಲ್ಲ ಆ ಪುಟ್ಟ ತಲೆಯ ಮೇಲಿತ್ತು. ಅದನ್ನು ನಕ್ಕು ಹಗುರ ಮಾಡಿದರೆ ಆಮೇಲೆ ಅವಳು ನಮ್ಮನ್ನು ಆಟಕ್ಕೆ ಸೇರಿಸಿಕೊಳ್ಳುವುದೇ ಇಲ್ಲ. ಗದರಿ ಕೇಳಿದ್ದರೆ ಕೀ ಸಿಗುತ್ತಿತ್ತೇನೋ. ಯಾರೂ ಗದರಲಿಲ್ಲ ಅನ್ನುವುದು ನನಗೆ ಈಗಲೂ ಸಮಾಧಾನದ ವಿಷಯ.

ಗೆದ್ದದ್ದು ಅತ್ತೆ. ಸೀರೆಗೆ ಕೈ ಒರೆಸಿಕೊಂಡು ಗೊಂಬೆಗಳ ಹತ್ತಿರ ಬಂದರು. ಕೆಳಗಿನ ಮೆಟ್ಟಿಲಲ್ಲಿ ರಾಗಿ ಪೈರು ಬೆಳೆಸಿ ಮಾಡಿದ ಹಳ್ಳಿಯಲ್ಲಿ ಮಣ್ಣಿನ ಹಸು ಕರುಗಳು ಮೇಯುತ್ತಿದ್ದವಲ್ಲ, ಅವನ್ನು ಪುಟ್ಟಿ ಅತ್ತ ತಿರುಗಿದ್ದಾಗ ಒಂದೊಂದಾಗಿ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡರು. ಆಮೇಲೆ ಎದೆ ಮೇಲೆ ಕೈಯಿಟ್ಟು ಒಂದೇ ಸಮ ಕೂಗಿದರು. ‘ಅಯ್ಯೋ, ಬನ್ರಪ್ಪೋ! ವಿರಾಟರಾಯನ ಹಸುಗಳನ್ನೆಲ್ಲ ಹೊಡ್ಕೊಂಡು ಹೋಗ್ಬಿಟ್ರು!’

ಪುಟ್ಟಿ ದಾರ ಬಿಸುಟು ಎದ್ದು ನಿಂತಳು. ರಾಗಿ ಪೈರಿನ ನಡುವೆ ಒಂದೂ ಹಸುವಿಲ್ಲ. ‘ಯಾರು?’

‘ಇನ್ಯಾರು, ಆ ದುರ್ಯೋಧನ!’

ಮಾವ ಕನ್ನಡಕವಿಲ್ಲದೆಯೇ ಗೋಡೆ ಹಿಡಿದುಕೊಂಡು ಬಂದರು. ಹಿಂದಿನ ರಾತ್ರಿ ನಿಲ್ಲಿಸಿದ್ದ ಕಡೆಯಿಂದಲೇ ಕಥೆ ಎತ್ತಿಕೊಂಡರು. ಕೌರವರು ಹಸು ಹೊಡೆದುಕೊಂಡು ಹೋದದ್ದು, ಅರಮನೆಯಲ್ಲಿ ಉತ್ತರಕುಮಾರ ಒಬ್ಬನೇ ಉಳಿದದ್ದು, ಈಗ ಅರ್ಜುನ ಬಿಲ್ಲು ಹಿಡಿಯಲೇಬೇಕಾದದ್ದು. ಪುಟ್ಟಿಯ ಕಣ್ಣಲ್ಲಿ ನೀರು ತುಂಬಿತು. ‘ವರ್ಷ ಮುಗಿದಿಲ್ವಲ್ಲ ತಾತ. ಈಗ ತೆಗೆದ್ರೆ ಕಾಡಿಗೆ ಕಳಿಸ್ತಾರೆ.’

ನನಗೂ ಗಂಟಲುಬ್ಬಿತು. ಕಳ್ಳತನ ಬಯಲಾದ ಭಯವಲ್ಲ ಅದು, ಪಾಂಡವರ ಮೇಲಿನ ಕಕ್ಕುಲಾತಿ. ಮಾವ ಗೂಡಿನಿಂದ ಒಂಟಿಕೊಪ್ಪಲ್ ಪಂಚಾಂಗ ತೆಗೆದು, ಒಂದಕ್ಷರ ಕಾಣದಿದ್ದರೂ ಪುಟ ತಿರುವಿ, ಬೆರಳಿನ ಗೆಣ್ಣು ಎಣಿಸಿ ಹೇಳಿದರು. ‘ಭೀಷ್ಮಜ್ಜ ಲೆಕ್ಕ ಹಾಕಿದಾರೆ ಕಂದ. ಅಧಿಕಮಾಸ ಎಲ್ಲ ಸೇರಿಸಿದ್ರೆ ಅಜ್ಞಾತವಾಸ ಮುಗೀತು.’ ಮಹಾಭಾರತದಲ್ಲೂ ಹಾಗೇ ಇದೆ. ದುರ್ಯೋಧನ ಗುರುತು ಸಿಕ್ಕಿತೆಂದು ಹಿಗ್ಗಿದಾಗ ಅವಧಿ ಮುಗಿದಿದೆ ಅಂತ ಲೆಕ್ಕ ಒಪ್ಪಿಸುವವನು ಭೀಷ್ಮನೇ.

‘ಖಂಡಿತಾ?’

‘ಖಂಡಿತಾ.’

ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಅಂಗಳಕ್ಕೆ ಹಾರಿ, ಕಾಂಪೌಂಡಿನ ಮೂಲೆಯ ದಾಸವಾಳದ ಗಿಡದ ಮುಂದೆ ನಿಂತಳು. ‘ಅಪ್ಪ, ನೀನು ಉತ್ತರಕುಮಾರ. ಮರ ಹತ್ತು.’ ಗಿಡ ಇವರ ಭುಜದೆತ್ತರವೂ ಇಲ್ಲ. ಇವರು ಸುಮ್ಮನೆ ಕೈ ಚಾಚಿದರೆ, ‘ಹಂಗಲ್ಲ, ಹೆದರ್ಕೋಬೇಕು. ಅಲ್ಲಿ ಹೆಣ ಇದೆ!’ ಅಂದಳು. ಆಯಿತು, ಬ್ಯಾಂಕಿನ ಮ್ಯಾನೇಜರು ಪಂಚೆ ಎತ್ತಿ ಕಟ್ಟಿ, ಗಿಡದ ಬುಡದ ಕಲ್ಲಿನ ಮೇಲೆ ಹತ್ತಿ ಗಡಗಡ ನಡುಗಿದರು. ಅಡುಗೆಮನೆಯಿಂದ ವಲಲ ಬಾಯಿ ತುಂಬ ಉಸಲಿ ಇಟ್ಟುಕೊಂಡೇ ಓಡಿ ಬಂದ.

ಎಲೆಗಳ ನಡುವೆ ಮಾವನ ಹಳೇ ಟವೆಲಿನ ಗಂಟು. ಅದರ ಮೇಲೆ ಇನ್ನೊಂದು ಚಿಕ್ಕ ಗಂಟು. ಮೇಲಿನದನ್ನು ಮುಟ್ಟಿದ ಇವರು ಈ ಸಲ ನಿಜವಾಗಿಯೇ ಮುಖ ಕಿವುಚಿ ಹಿಂದೆ ಸರಿದರು. ಗುಂಡನ ರಾತ್ರಿಯ ಒದ್ದೆ ಚಡ್ಡಿ! ‘ಹೆಣ ಸಿಗ್ಲಿಲ್ಲ, ಅದಕ್ಕೆ ವಾಸನೆ ಬರೋದು ಇದು ಇಟ್ಟೆ’ ಅಂದಳು ಪುಟ್ಟಿ. ಗುಂಡ ತನ್ನ ಚಡ್ಡಿಯ ಗುರುತು ಹಿಡಿದು, ‘ನಂದು, ನಂದು’ ಅಂತ ಕುಣಿದ. ಆಗ ಮಾತ್ರ ಯಾರಿಂದಲೂ ತಡೆಯಲಾಗಲಿಲ್ಲ. ಅತ್ತೆ ಜಗಲಿ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಲ್ಲರೂ ನಗುವುದು ನೋಡಿ ಯುದ್ಧ ಗೆದ್ದೆವು ಅಂದುಕೊಂಡ ಪುಟ್ಟಿಯೂ ನಕ್ಕಳು. ಗಂಟು ಬಿಚ್ಚಿದರೆ ಕೀ, ಕನ್ನಡಕ, ಸೌಟು, ಕತ್ತರಿ, ಟೇಪು, ಜೊತೆಗೆ ಅವಳದೇ ಬಣ್ಣದ ಪೆನ್ಸಿಲು. ತನ್ನ ಆಯುಧವನ್ನೂ ಬಿಟ್ಟಿರಲಿಲ್ಲ.

ಪೂಜೆಗೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟೆವು. ಗುಂಡ ಸ್ವಲ್ಪ ಹೊತ್ತು ಕಾಣೆಯಾದವನು ಬಚ್ಚಲ ಕಡೆಯಿಂದ ತಾನು ಕಕ್ಕಕ್ಕೆ ಕೂರುವ ನೀಲಿ ಪಾಟಿ ಕುರ್ಚಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬಂದ. ಯಾವುದಿಲ್ಲದೆ ಕೆಲಸ ನಡೆಯೋದಿಲ್ಲವೋ ಅದು! ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ‘ತಾ ಬಂಗಾರ’ ಅಂದು ಇಸಿದುಕೊಂಡರು. ನಲ್ಲಿ ಕೆಳಗೆ ಎರಡು ಸಲ ತೊಳೆದು, ಅಂಗಳದಲ್ಲಿ ಮೂರುಚಕ್ರದ ಸೈಕಲ್ಲಿನ ಪಕ್ಕದಲ್ಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ಒಂದು ಚೆಂಡುಹೂ ಇಟ್ಟರು. ಕೊಟ್ಟ ಗೌರವದಲ್ಲಿ ಕಾರಿಗೂ ಅದಕ್ಕೂ ಎಳ್ಳಷ್ಟೂ ವ್ಯತ್ಯಾಸ ಮಾಡಲಿಲ್ಲ.

ಕಾರಿನ ನಾಲ್ಕು ಚಕ್ರದಡಿ ನಿಂಬೆಹಣ್ಣಿಟ್ಟು ಮುಂದಕ್ಕೆ ಬಿಟ್ಟಾಗ ಪಟಪಟ ಒಡೆದವು. ನಂತರ ಮೂರುಚಕ್ರದ ಸರದಿ. ಪ್ಲಾಸ್ಟಿಕ್ ಚಕ್ರ ನಿಂಬೆಹಣ್ಣನ್ನು ಒಡೆಯದೆ ಮುಂದೆ ಮುಂದೆ ತಳ್ಳಿಕೊಂಡೇ ಹೋಯಿತು. ಹಣ್ಣು ಉರುಳಿ ಗೇಟು ದಾಟಿ ಮೋರಿಯ ಅಂಚಿಗೆ ಹೋಗಿ ನಿಂತಿತು. ಮತ್ತೆ ತಂದರು, ಮತ್ತೆ ಓಡಿತು. ಭಾರ ಸಾಲದು ಅಂತ ಭೀಮ ಹಿಂದೆ ಹತ್ತಿದ. ಆಗಲೂ ಇಲ್ಲ. ಕೊನೆಗೆ ಮಾವ ಹಣ್ಣನ್ನು ಅರ್ಧಕ್ಕೆ ಕೊಯ್ದು ಮಕಾಡೆ ಇಟ್ಟರು. ಪಿಚಕ್ಕೆಂದು ರಸ ಚಿಮ್ಮಿತು. ಅಕ್ಕ ತಮ್ಮ ಇಬ್ಬರೂ ಇಳಿದು ಚಕ್ರವನ್ನು ಬಗ್ಗಿ ನೋಡಿ, ಕೈ ಹಿಡಿದುಕೊಂಡು ಗಿರಗಿರ ತಿರುಗಿದರು.

ಸಂಜೆ ‘ಗೊಂಬೆ ಕೂರ್ಸಿದೀರಾ?’ ಅಂತ ಬಂದ ಬೀದಿಯ ಮಕ್ಕಳಿಗೆ ಚರುಪು ಹಂಚುವ ಕೆಲಸ ವಲಲನದ್ದು. ಒಬ್ಬೊಬ್ಬರ ಅಂಗೈಗೂ ಒಂದೊಂದೇ ಕಡಲೆಕಾಳು ಇಟ್ಟು ಬಟ್ಟಲು ಮುಚ್ಚಿಕೊಂಡ. ಮಿಕ್ಕಿದ್ದನ್ನು ನಾನು ಬಾಗಿಲ ಬಳಿ ನಿಂತು ಕೊಟ್ಟು ಕಳಿಸಿದೆ.

ಮಾರನೇ ದಿನ ನಡೆದುಕೊಂಡೇ ಹೋದೆವು. 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತು ಬರುತ್ತಿರುವ ಆನೆಯ ಹೆಸರು ಅಭಿಮನ್ಯು ಅಂತ ಮಾವ ತೋರಿಸಿದ್ದೇ ತಡ, ಇವರ ಹೆಗಲ ಮೇಲಿದ್ದ ಪುಟ್ಟಿ ಪಕ್ಕದ ಹೆಂಗಸರಿಗೆ ಬಗ್ಗಿ ಹೇಳಿದಳು. ‘ಆಂಟಿ, ಅದು ನನ್ನ ಮಗ.’ ಅವರು ಬೆರಗಾಗಿ ನೋಡಿದರು. ‘ನಾನು ಅರ್ಜುನ’ ಅಂತ ಬಿಡಿಸಿ ಹೇಳಿದಳು. ಆ ಗದ್ದಲದಲ್ಲಿ ಅವರಿಗೆ ಎಷ್ಟು ಅರ್ಥವಾಯಿತೋ, ‘ಚೆನ್ನಾಗಿ ಬೆಳ್ಸಿದೀಯ ಕಣಮ್ಮ ಮಗನ್ನ’ ಅಂದರು. ಗುಂಡನಿಗೆ ಆನೆಗಿಂತ ಅದರ ಊಟದ ಚಿಂತೆ. ಆನೆಗಳಿಗೆ ಭತ್ತ, ಬೆಲ್ಲ, ಕಾಯಿ ಇಟ್ಟು ಹುಲ್ಲಿನಲ್ಲಿ ಕಟ್ಟಿ ಕೊಡುವ ಕುಸುರೆಯನ್ನು ತಾಲೀಮಿನ ದಿನಗಳಲ್ಲಿ ಅಜ್ಜನ ಜೊತೆ ಹೋಗಿ ನೋಡಿ ಬಂದಿದ್ದ. ಆಮೇಲೆ ಒಂದು ವಾರ ನಮ್ಮ ಮನೆಯಲ್ಲಿ ಉಪ್ಪಿಟ್ಟನ್ನು ಚಪಾತಿಯಲ್ಲಿ ಸುತ್ತಿ ‘ಕುಸುರೆ’ ಅಂತ ಕೊಟ್ಟರಷ್ಟೇ ಅವನು ಬಾಯಿ ತೆರೆದದ್ದು. ಆ ಒಂದು ವಾರ ತಟ್ಟೆಯಲ್ಲಿ ಏನೂ ಮಿಗಲಿಲ್ಲ.

ಹಬ್ಬ ಮುಗಿದ ಮೇಲೆ ಅತ್ತೆ ಗೊಂಬೆಗಳನ್ನು ಹಳೇ ಪಂಚೆ ತುಂಡುಗಳಲ್ಲಿ ಸುತ್ತಿ ಟ್ರಂಕಿಗೆ ತುಂಬತೊಡಗಿದರು. ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಗಳು, ರಾಜ ರಾಣಿ, ಎಲ್ಲಕ್ಕಿಂತ ಮೇಲೆ. ‘ಎಲ್ಲಿಗೆ ಹೋಗ್ತಾರೆ?’ ಅಂದ ಗುಂಡ. ‘ಅಟ್ಟಕ್ಕೆ ಕಣೋ. ಮುಂದಿನ ವರ್ಷ ಬರ್ತಾರೆ.’ ಬಟ್ಟೆ ಸುತ್ತಿದ್ದು ನೋಡಿದರು, ಒಂದು ವರ್ಷ ಅನ್ನುವುದು ಕೇಳಿದರು. ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. ಪುಟ್ಟಿ ತುಟಿಯ ಮೇಲೆ ಬೆರಳಿಟ್ಟಳು.

ಸಂಜೆ ಪಕ್ಕದ ಮನೆಯವರು ಬಟ್ಟಲು ವಾಪಸು ಕೊಡಲು ಬಂದು, ಖಾಲಿ ನಡುಮನೆ ನೋಡಿ ಕೇಳಿದರು. ‘ಏನೋ ಗುಂಡ, ನಿಮ್ಮ ರಾಜ ರಾಣಿ ಎಲ್ಲಿ?’

‘ರಾಜ ರಾಣಿ ಯಾರೂ ಇರ್ಲಿಲ್ಲ ನಮ್ಮನೇಲಿ’ ಅಂದ ಗುಂಡ. ಪುಟ್ಟಿ ಅಡುಗೆಮನೆಗೆ ಓಡಿಹೋಗಿ ಅವನಿಗೆ ಒಂದು ಹಿಡಿ ಹುರಿಗಡಲೆ ತಂದುಕೊಟ್ಟಳು.