ಗೋಯ್ ಮತ್ತು ಶಿಕ್ಸ: ಎರಡು ಯಿದ್ದಿಷ್ ಪದಗಳ ಕಥೆ

ಯೆಹೂದ್ಯರಲ್ಲದವರನ್ನು ಕರೆಯಲು ಪೂರ್ವ ಯೂರೋಪಿನ ಯೆಹೂದ್ಯರ ಆಡುನುಡಿಯಾದ ಯಿದ್ದಿಷ್ ಭಾಷೆಯಲ್ಲಿರುವ ಪದಗಳಲ್ಲಿ ‘ಗೋಯ್’ ಮತ್ತು ‘ಶಿಕ್ಸ’ ಹೆಚ್ಚು ಪರಿಚಿತವಾದವು. ಎರಡೂ ಹೀಬ್ರೂ ಮೂಲದವು. ಆದರೆ ಒಂದರ ಮೂಲದಲ್ಲಿ ಯಾವ ಕೆಟ್ಟ ಅರ್ಥವೂ ಇಲ್ಲ, ಇನ್ನೊಂದರದು ಅಸಹ್ಯದ ಮಾತು. ಮೂಲಾರ್ಥವನ್ನು ನೋಡಿ ಇವುಗಳಲ್ಲಿ ಯಾವುದು ಬೈಗುಳವೆಂದು ತೀರ್ಮಾನಿಸಲು ಹೊರಟರೆ ದಾರಿ ತಪ್ಪುವುದು ಖಂಡಿತ.

ಹೀಬ್ರೂ ಬೈಬಲಿನಲ್ಲಿ ಗೋಯ್ ಎಂದರೆ ಜನಾಂಗ, ಅಷ್ಟೆ. ಆದಿಕಾಂಡದ 12ನೆಯ ಅಧ್ಯಾಯದಲ್ಲಿ ದೇವರು ಅಬ್ರಾಮನನ್ನು ದೊಡ್ಡ ಜನಾಂಗವಾಗಿ ಮಾಡುವೆನೆಂದು ಮಾತು ಕೊಡುವಾಗಲೂ, ವಿಮೋಚನಕಾಂಡದ 19ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರನ್ನು ಪರಿಶುದ್ಧ ಜನವೆಂದು ಕರೆಯುವಾಗಲೂ ಮೂಲದಲ್ಲಿರುವುದು ಇದೇ ಪದ. ಇದರ ಬಹುವಚನವಾದ ‘ಗೋಯಿಮ್’ ಉಳಿದ ಜನಾಂಗಗಳಿಗೆ ಸಲ್ಲತೊಡಗಿತು. ಕನ್ನಡ ಬೈಬಲಿನ ‘ಅನ್ಯಜನ’ ಎಂಬ ಪ್ರಯೋಗದ ಹಿಂದೆ ಅನೇಕ ಕಡೆ ಇರುವುದು ಅದೇ. ರಬ್ಬಿಗಳ, ಅಂದರೆ ಯೆಹೂದ್ಯ ಧರ್ಮಗುರುಗಳ, ಬರಹಗಳ ಕಾಲಕ್ಕೆ ಜನಾಂಗವಾಚಕವು ವ್ಯಕ್ತಿವಾಚಕವಾಗಿ, ಯೆಹೂದ್ಯನಲ್ಲದ ಒಬ್ಬನೂ ಗೋಯ್ ಆದನು. 1578ರಿಂದ 1581ರವರೆಗೆ ಬಾಸೆಲ್ ನಗರದಲ್ಲಿ ಯೆಹೂದ್ಯರ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದ್ ಅಚ್ಚಾದಾಗ ಕ್ರೈಸ್ತ ಪರಿಶೀಲಕರು ಇಂಥ ಪದಗಳ ಮೇಲೆ ಕತ್ತರಿಯಾಡಿಸಿದ್ದರು. ಅನುಮಾನ ಎರಡೂ ಕಡೆ ಹಳೆಯದೇ.

ಪೂರ್ವ ಯೂರೋಪಿನ ಊರುಗಳಲ್ಲಿ ಈ ಪದಕ್ಕೆ ಹಲವು ದನಿಗಳಿದ್ದವು. ಬೆಂಕಿ ಹೊತ್ತಿಸುವುದು ಯೆಹೂದ್ಯರಿಗೆ ನಿಷಿದ್ಧವಾದ ಸಬ್ಬತ್ತಿನ ದಿನ ಅವರ ಮನೆಗೆ ಬಂದು ಒಲೆ ಹೊತ್ತಿಸಿಕೊಡುವ ನೆರೆಯವನು ‘ಶಾಬೆಸ್ ಗೋಯ್’. ಆ ಹೆಸರಿನಲ್ಲಿ ಅವಮಾನವಿರಲಿಲ್ಲ. ಆದರೆ ‘ಗೋಯಿಶೆರ್ ಕೋಪ್’, ಅಂದರೆ ಗೋಯ್‌ನ ತಲೆ, ಎಂಬುದು ದಡ್ಡತನದ ಮೂದಲಿಕೆ, ಮತ್ತು ಅದನ್ನು ಹೆಚ್ಚಾಗಿ ಕೇಳಿಸಿಕೊಳ್ಳುತ್ತಿದ್ದವನು ಪೆದ್ದು ಕೆಲಸ ಮಾಡಿದ ಯೆಹೂದ್ಯನೇ. ಧರ್ಮಾಚರಣೆ ಅರಿಯದ ಯೆಹೂದ್ಯನನ್ನೂ ಗೋಯ್ ಎಂದೇ ಹೀಗಳೆಯುತ್ತಿದ್ದರು. ಯಾವಾಗ ಗಲಭೆಯೆದ್ದು ತಮ್ಮ ಮನೆ ಸುಡುವುದೋ ಎಂದು ಅಂಜಿ ಬದುಕುತ್ತಿದ್ದ ಅಲ್ಪಸಂಖ್ಯಾತರು ಬಲಾಢ್ಯ ನೆರೆಹೊರೆಯ ಬಗ್ಗೆ ತಮ್ಮತಮ್ಮಲ್ಲೇ ಆಡಿಕೊಳ್ಳುವ ತಿರಸ್ಕಾರವನ್ನು ಬಲಾಢ್ಯರ ಬೈಗುಳದ ಜೊತೆಗಿಟ್ಟು ತೂಗುವುದು ನನಗೆ ನ್ಯಾಯವೆನಿಸುವುದಿಲ್ಲ. ಹಾಗೆಂದು ತಿರಸ್ಕಾರವೇ ಇರಲಿಲ್ಲವೆನ್ನುವ ಸಮರ್ಥನೆಯನ್ನೂ ನಾನು ಒಪ್ಪುವುದಿಲ್ಲ.

ಶಿಕ್ಸದ ಮಾತು ಬೇರೆ. ಇದು ‘ಶೆಕೆಟ್ಸ್’ ಎಂಬುದರ ಸ್ತ್ರೀರೂಪ. ಯಾಜಕಕಾಂಡದ 11ನೆಯ ಅಧ್ಯಾಯದಲ್ಲಿ ರೆಕ್ಕೆ, ಪೊರೆಗಳಿಲ್ಲದ ಜಲಚರಗಳಂಥ ನಿಷಿದ್ಧ ಪ್ರಾಣಿಗಳಿಗೆ ಬಳಸಿದ, ಹೇಸಿಗೆ ಎಂಬರ್ಥದ ಪದ. ತಾಲ್ಮುದಿನ ಪೆಸಾಹಿಮ್ ಭಾಗದಲ್ಲಿ ಇದೇ ಪದ ಹೆಣ್ಣುಮಕ್ಕಳ ಪ್ರಸಂಗದಲ್ಲಿ ಬರುತ್ತದೆ. ಆದರೆ ಅಲ್ಲಿ ನಿಂದೆಗೆ ಗುರಿಯಾದವರು ಅನ್ಯರಲ್ಲ, ಶಾಸ್ತ್ರಜ್ಞಾನವಿಲ್ಲದ ಯೆಹೂದ್ಯರ ಕುಟುಂಬದವರು. ಯಿದ್ದಿಷ್‌ನಲ್ಲಿ ಅದು ಅನ್ಯಮತದ ಹುಡುಗಿಯ ಹೆಸರಾಯಿತು. ಮಗ ಅಂಥವಳನ್ನು ಕಟ್ಟಿಕೊಂಡಾನೆಂಬ ತಾಯಂದಿರ ಆತಂಕವೂ ಅದರೊಳಗೆ ಸೇರಿಕೊಂಡಿತು. ಪುಲ್ಲಿಂಗದ ‘ಶೇಗೆಟ್ಸ್’ ಮಾತ್ರ ಸಡಿಲಗೊಂಡು, ತುಂಟತನ ಮಾಡಿದ ಸ್ವಂತ ಮಗನನ್ನು ಗದರಿಸಲೂ ಬಳಕೆಯಾಯಿತು.

ಅಮೆರಿಕದಲ್ಲಿ ಆ ಆತಂಕವೇ ನಿಜವಾಯಿತು. ಪ್ಯೂ ಸಂಶೋಧನಾ ಕೇಂದ್ರದ 2013ರ ಸಮೀಕ್ಷೆಯ ಪ್ರಕಾರ 1970ಕ್ಕೆ ಮೊದಲು ಮದುವೆಯಾದ ಯೆಹೂದ್ಯರಲ್ಲಿ ಶೇಕಡಾ 17ರಷ್ಟು ಮಂದಿಯ ಸಂಗಾತಿ ಯೆಹೂದ್ಯರಲ್ಲದವರಾಗಿದ್ದರೆ, 2000ದ ನಂತರ ಮದುವೆಯಾದವರಲ್ಲಿ ಅದು ಶೇಕಡಾ 58ಕ್ಕೇರಿತ್ತು. ಈ ನಡುವೆ ಶಿಕ್ಸ ಹಾಸ್ಯಗಾರರ ಸರಕಾಯಿತು, ಕೈಗೆಟುಕದ ಹೊಂಗೂದಲ ಚೆಲುವೆಯ ಚಿತ್ರವಾಯಿತು. ಹಾಗಿದ್ದರೂ ಸೊಸೆಯಾಗಿ ಬಂದವಳಿಗೆ ಆ ಮಾತು ಚುಚ್ಚಬಲ್ಲದು. ಅತ್ತೆಯ ಬಾಯಲ್ಲಿ ತಮಾಷೆಯೂ ತಮಾಷೆಯಾಗಿ ಉಳಿಯುವುದಿಲ್ಲವಷ್ಟೆ. ಪೋಲಿಷ್ ಭಾಷೆಯ ‘ಶಿಕ್ಸ’ದಲ್ಲಿ ಮತದ ಸುಳಿವೇ ಇಲ್ಲ, ಅಲ್ಲಿ ಅದರರ್ಥ ಬಲಿಯದ ಬುದ್ಧಿಯ, ಅಧಿಕಪ್ರಸಂಗಿ ಹುಡುಗಿ.

ಇತ್ತ ಗೋಯ್ ಪದ ಯೆಹೂದ್ಯರ ಕೈಯಿಂದಲೇ ಜಾರುತ್ತಿದೆ. ಅಮೆರಿಕದ ಯೆಹೂದಿದ್ವೇಷಿ ಗುಂಪೊಂದು ‘ಗೋಯಿಮ್’ ಎಂಬುದನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡಿದೆ. ಯೆಹೂದ್ಯರ ಗುಟ್ಟಿನ ಸಂಚು ಬಯಲಾಗಿದೆಯೆಂಬ ಧ್ವನಿಯ ‘ಗೋಯಿಮ್‌ಗೆ ಎಲ್ಲ ಗೊತ್ತು’ ಎಂಬ ಅಣಕದ ಘೋಷಣೆ ಅಂತರಜಾಲದಲ್ಲಿ ಯೆಹೂದ್ಯರನ್ನು ಹಂಗಿಸಲು ಬಳಕೆಯಾಗುತ್ತಿದೆ. ಅನ್ಯರನ್ನು ಕರೆಯಲೆಂದು ಇದ್ದ ಪದವನ್ನು ಈಗ ಅನ್ಯರೇ ಉಚ್ಚರಿಸಿದಾಗ ಬೆಚ್ಚಬೇಕಾಗಿರುವುದು ಯೆಹೂದ್ಯರು.